ಸ್ವಯಂಸೇವಕರೇ ನಡೆಸುವ ಪ್ರಜಾಪ್ರಭುತ್ವ ಚರ್ಚಾ ವೇದಿಕೆ ಕಟ್ಟಲು ಎಲ್ಲಿಂದ ಶುರು ಮಾಡಬೇಕು?

ಹೊಸದಾಗಿ ಕೋಡ್ ಬರೆಯಲು ಹೋಗಬೇಡಿ. ಪ್ರಸ್ತಾವ, ಸಭೆ, ಮತದಾನ ಎಲ್ಲ ಬೇಕಿದ್ದರೆ ಬಾರ್ಸಿಲೋನಾದಲ್ಲಿ 2016ರಲ್ಲಿ ಶುರುವಾದ ಡೆಸಿಡಿಮ್ ಇದೆ, ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಮುಕ್ತ ತಂತ್ರಾಂಶ. ಬರೀ ಅಭಿಪ್ರಾಯ ಸಂಗ್ರಹಕ್ಕಾದರೆ ಪೋಲಿಸ್ (Pol.is, ಖಾಕಿಯವರಲ್ಲ!) ಎಂಬ ತಂತ್ರಾಂಶ ಸಾಕು. ತೈವಾನಿನ ಗವ್‌ಝೀರೋ ಎಂಬ ಸ್ವಯಂಸೇವಕ ತಂತ್ರಜ್ಞರ ಬಳಗದಿಂದ ಹುಟ್ಟಿದ ಸಾರ್ವಜನಿಕ ಚರ್ಚಾ ವೇದಿಕೆ ವಿತೈವಾನ್, 2015ರಲ್ಲಿ ಊಬರ್ ವಿವಾದಕ್ಕೆ ಬಳಸಿದ್ದು ಇದನ್ನೇ. ಇದರಲ್ಲಿ ಉತ್ತರಿಸುವ ಗುಂಡಿಯೇ ಇಲ್ಲ. ಹೇಳಿಕೆಯೊಂದು ಕಾಣುತ್ತದೆ, ಒಪ್ಪುತ್ತೇನೆ, ಒಪ್ಪುವುದಿಲ್ಲ, ಮುಂದೆ ಹೋಗು, ಈ ಮೂರರಲ್ಲಿ ಒಂದನ್ನು ಒತ್ತಬೇಕು. ಜಗಳ ಬೆಳೆಯಲು ಜಾಗವೇ ಸಿಗದು. ಮೊದಲ 10–15 ಹೇಳಿಕೆಗಳನ್ನು ನೀವೇ ಹಾಕಿ. ಒಂದೇ ಹೇಳಿಕೆಯಲ್ಲಿ ಎರಡು ವಿಷಯ ತುರುಕಿದರೆ ಜನ ಯಾವುದಕ್ಕೆ ಮತ ಹಾಕಿದರೆಂದೇ ತಿಳಿಯುವುದಿಲ್ಲ.

ಇಂಥ ವೇದಿಕೆ ನಿಂತುಹೋಗುವುದು ಹೆಚ್ಚಾಗಿ ತಂತ್ರಾಂಶದಿಂದಲ್ಲ. ಡೊಮೇನ್ (ಜಾಲತಾಣದ ವಿಳಾಸ) ಯಾರೋ ಒಬ್ಬರ ಖಾಸಗಿ ಇಮೇಲ್‌ನಲ್ಲಿರುತ್ತದೆ. ಅವರು ಬಿಟ್ಟುಹೋದರೆ ನವೀಕರಣ ತಪ್ಪುತ್ತದೆ. ಪಾಸ್‌ವರ್ಡ್‌ಗಳು ಕನಿಷ್ಠ ಮೂವರ ಕೈಯಲ್ಲಿರಲಿ. ಬ್ಯಾಕಪ್ ತೆಗೆದಿಟ್ಟರೆ ಸಾಲದು, ತಿಂಗಳಿಗೊಮ್ಮೆ ಬೇರೆ ಸರ್ವರ್‌ಗೆ ಹಾಕಿ ತೆರೆಯುತ್ತದೆಯೇ ನೋಡಿ.

ಸರ್ಕಾರದ ಕಣ್ಗಾವಲಿರುವ ದೇಶದವರೂ ಸೇರುವುದಾದರೆ ಫೋನ್ ನಂಬರ್ ಕೇಳಲೇಬೇಡಿ, ಯಾರು ಯಾವ ಇಂಟರ್ನೆಟ್ ವಿಳಾಸದಿಂದ ಬಂದರೆಂದು ದಾಖಲಿಸುವ ಐಪಿ ಲಾಗ್‌ಗಳನ್ನು ಕೆಲವೇ ದಿನಗಳಲ್ಲಿ ಅಳಿಸಿ. ಇದರಿಂದ ನಕಲಿ ಖಾತೆ ಹೆಚ್ಚುವುದು ನಿಜ. ಪರಿಚಿತರ ಮೂಲಕವೇ ಹೋಗುವ, ಒಮ್ಮೆ ಮಾತ್ರ ತೆರೆಯುವ ಆಹ್ವಾನದ ಲಿಂಕ್ ಕೊಟ್ಟರೆ ಅದನ್ನು ಬಹುಮಟ್ಟಿಗೆ ತಡೆಯಬಹುದು.