ಬೂಸ್ಟರ್ ಊದುಬತ್ತಿಯಲ್ಲ

ಗೆಳೆಯರೇ,

ಚಂದ್ರಯಾನ-3 ಹೊತ್ತೊಯ್ದ ಎಲ್‌ವಿಎಂ3 ರಾಕೆಟ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಹದವಾಗಿದೆ, ಶುರುವೂ ಚೆನ್ನಾಗಿದೆ. ಆದರೆ ಎರಡು ಸಾಲು ನನ್ನನ್ನು ಬಿಡದೆ ಕಾಡುತ್ತಿವೆ.

ಮೊದಲನೆಯದು: 'ಎರಡು ಬೂಸ್ಟರ್‌ಗಳು ದೈತ್ಯ ಊದುಬತ್ತಿಗಳಂತೆ ತುದಿಯಿಂದ ಉರಿಯುತ್ತಾ ಬಂದವು.' ಓದಲು ಚಂದ. ಆದರೆ ರಾಕೆಟ್ಟಿನ ಅಕ್ಕಪಕ್ಕ ಕಟ್ಟಿರುವ, ಘನ ಇಂಧನದ ಈ ಎಸ್200 ಬೂಸ್ಟರ್ ಹಾಗೆ ಉರಿಯುವುದೇ ಇಲ್ಲ. ಒಂದೊಂದರಲ್ಲೂ ಸುಮಾರು 200 ಟನ್ ಇಂಧನ. ಅದು ಉರಿಯುವುದು ಸೆಕೆಂಡಿಗೆ ಕೆಲವೇ ಮಿಲಿಮೀಟರ್. ಸುಮ್ನೆ ಒಂದು ಸೆಂಟಿಮೀಟರ್ ಅಂತಲೇ ಇಟ್ಟುಕೊಳ್ಳಿ. ತುದಿಯಿಂದ ಉರಿದರೆ ಸುಮಾರು 20 ಮೀಟರ್ ಉದ್ದದ ಇಂಧನಕ್ಕೆ ಅರ್ಧ ಗಂಟೆಗೂ ಜಾಸ್ತಿ ಬೇಕು. ಆದರೆ ಕೆಲಸ ಮುಗಿಯುವುದು ಎರಡು ನಿಮಿಷ ಚಿಲ್ಲರೆಯಲ್ಲಿ. ಲೆಕ್ಕ ಕೂಡಲ್ಲ, ಅಲ್ವಾ?

ಇಂಧನದಲ್ಲಿರುವುದು ಉರಿಯಲು ಆಮ್ಲಜನಕ ಕೊಡುವ ಅಮೋನಿಯಂ ಪರ್ಕ್ಲೋರೇಟ್, ಅಲ್ಯುಮಿನಿಯಂ ಪುಡಿ, ಎಚ್‌ಟಿಪಿಬಿ ಎಂಬ ಅಂಟು. ಇವನ್ನು ಕಲಸಿ, ಉಕ್ಕಿನ ಕವಚದ ನಡುವೆ ಒಂದು ಅಚ್ಚು ನಿಲ್ಲಿಸಿ, ಸುತ್ತಲೂ ಸುರಿಯುತ್ತಾರೆ. ದಿನಗಟ್ಟಲೆ ಬಿಸಿಯಲ್ಲಿಟ್ಟ ಮೇಲೆ ಅದು ಗಟ್ಟಿ ರಬ್ಬರಿನಂತಾಗುತ್ತದೆ. ಅಚ್ಚು ಎಳೆದರೆ ಉದ್ದಕ್ಕೂ ಒಂದು ಪೊಳ್ಳು. ಬೆಂಕಿ ಹತ್ತುವುದು ಆ ಪೊಳ್ಳಿನ ಗೋಡೆಗೆ, ಮೇಲಿಂದ ಕೆಳಗಿನ ತನಕ ಹೆಚ್ಚುಕಮ್ಮಿ ಒಂದೇ ಏಟಿಗೆ. ಅಲ್ಲಿಂದ ಅದು ಕವಚದ ಕಡೆಗೆ ಉರಿಯುತ್ತಾ ಹೋಗುತ್ತದೆ.

ಇದು ಗೊತ್ತಿದ್ದರೆ ಎರಡನೇ ಸಾಲು ಬರೆಯುತ್ತಲೇ ಇರಲಿಲ್ಲ: 'ಕಂಟ್ರೋಲ್ ರೂಮಿನಲ್ಲಿ ಬೂಸ್ಟರ್‌ಗಳನ್ನು ಇನ್ನಷ್ಟು ಜೋರು ಮಾಡಿದರು.' ಯಾರಿಂದಲೂ ಆಗದ ಕೆಲಸ ಅದು. ಒಮ್ಮೆ ಹೊತ್ತಿದರೆ ಜೋರೂ ಮಾಡಲಾಗದು, ಆರಿಸಲೂ ಆಗದು. ಉರಿಯುವ ಗೋಡೆಯ ಹರವು ಹೆಚ್ಚಿದಷ್ಟೂ ನೂಕುಬಲ ಹೆಚ್ಚು. ಹಾಗಾಗಿ ಯಾವಾಗ ಎಷ್ಟು ನೂಕುಬಲ ಎಂಬುದನ್ನು ಪೊಳ್ಳಿನ ಆಕಾರದಲ್ಲೇ ಮೊದಲೇ ಕೂರಿಸಿರುತ್ತಾರೆ. ಅಮೆರಿಕದ ಸ್ಪೇಸ್ ಷಟಲ್ ಬೂಸ್ಟರಿನ ಮೇಲ್ತುಂಡಿನಲ್ಲಿ ಆ ಪೊಳ್ಳು 11 ಮೂಲೆಯ ನಕ್ಷತ್ರವಾಗಿತ್ತು. ಗಾಳಿಯ ಒತ್ತಡ ವಿಪರೀತವಾಗುವ ಹೊತ್ತಿಗೆ, ನೆಲ ಬಿಟ್ಟ ಸುಮಾರು 50 ಸೆಕೆಂಡಿಗೆ, ನೂಕುಬಲ ಮೂರರಲ್ಲೊಂದು ಪಾಲು ತಾನಾಗಿ ತಗ್ಗುತ್ತಿತ್ತು. ಇಷ್ಟು ಸೊಗಸಾದ ಸಂಗತಿ ಕೈಯಲ್ಲಿರುವಾಗ ಊದುಬತ್ತಿ ಯಾಕೆ?

ನಾನು ಕೆಲಸ ಕಲಿಯುತ್ತಿದ್ದಾಗ ಆಲೆಮನೆ ಬಗ್ಗೆ ಬರೆದಿದ್ದೆ. 'ಪಾಕ ಚಿನ್ನದಂತೆ ಹೊಳೆಯುತ್ತಿತ್ತು' ಅಂತ ಒಂದು ಸಾಲು. ನಮ್ಮ ಸಂಪಾದಕರು ಅದಕ್ಕೆ ಗೆರೆ ಎಳೆದು, 'ಪಾಕ ಬಂತು ಅಂತ ಅವರಿಗೆ ಹೆಂಗೆ ಗೊತ್ತಾಗುತ್ತಯ್ಯಾ?' ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನವೇ ಮಂಡ್ಯದ ಬಸ್ ಹತ್ತಿಸಿದರು. ಕೊಪ್ಪರಿಗೆ ಪಕ್ಕ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತೆ. ಬೆಲ್ಲ ಕಾಯಿಸುವ ಅಜ್ಜ ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿದರು. ಊರಿಗೆ ವಾಪಸ್ ಬಂದು ಬರೆದಾಗ ಆ ಉಂಡೆ ಲೇಖನಕ್ಕೆ ಬಂತು, ಚಿನ್ನ ಬರಲಿಲ್ಲ.

ನಿಮ್ಮನ್ನು ಶ್ರೀಹರಿಕೋಟಕ್ಕೆ ಕಳಿಸಲು ನನ್ನಿಂದಾಗದು. ಒಂದು ಹಾಳೆಯಲ್ಲಿ ವೃತ್ತ ಬರೆದು, ಒಳಗೆ ನಕ್ಷತ್ರ ಬಿಡಿಸಿ. ಬೆಂಕಿ ಎಲ್ಲಿಗೆ ತಲುಪಿತು ಅಂತ ಪೆನ್ಸಿಲಿನಲ್ಲಿ ಒಂದೊಂದೇ ಗೆರೆ ಎಳೆಯುತ್ತಾ ವೃತ್ತದ ಅಂಚಿನ ತನಕ ಬನ್ನಿ. ಆಮೇಲೆ ಆ ಎರಡು ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಕಾಯುತ್ತಿರುತ್ತೇನೆ.