ಹಗಲು ಹುಬ್ಬಳ್ಳಿ, ರಾತ್ರಿ ಯುರೋಪ್

ಪ್ರಶ್ನೆ: ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದಿದೆ. 40 ಮೀಟರ್ ಬ್ಯಾಂಡಿನಲ್ಲಿ, 7.1 ಮೆಗಾಹರ್ಟ್ಸ್ ಹತ್ತಿರ, ಹಗಲು ಹುಬ್ಬಳ್ಳಿಯ ಗೆಳೆಯನ ದನಿ ಎದುರಿಗೇ ಕೂತು ಮಾತಾಡಿದಂತೆ ಬರುತ್ತದೆ. ರಾತ್ರಿ ಹತ್ತಾದರೆ ಅವನು ಮಾಯ, ಯುರೋಪಿನವರು ಕೇಳಿಸುತ್ತಾರೆ. ಸೆಟ್ ಕೆಟ್ಟಿದೆಯಾ? (ಓದುಗ, ಗದಗ)

ಉತ್ತರ: ಸೆಟ್ ಬಿಚ್ಚಬೇಡ್ರಿ, ಅದು ಸರಿಯಾಗೇ ಇದೆ. ಕೆರೆ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ನೀರಿನ ಮೇಲೆ ಪುಟಿಯುತ್ತಾ ಹೋಗುತ್ತದೆ, ಅದೇ ಕಲ್ಲನ್ನು ನೆಟ್ಟಗೆ ಹಾಕಿದರೆ ಮುಳುಗುತ್ತದೆ, ಅಲ್ವಾ? ರೇಡಿಯೋ ಅಲೆಯನ್ನು ನೆಲಕ್ಕೆ ತಿರುಗಿಸಿ ಕಳಿಸುವ ಎಫ್ ಪದರ ಅಂತ ಒಂದಿದೆ, ಸುಮಾರು 300 ಕಿಲೋಮೀಟರ್ ಮೇಲೆ; ಅದೂ ರಾತ್ರಿ ಹೀಗೇ. ಬಿಸಿಲಿಲ್ಲದೆ ಅದು ತೆಳುವಾಗುತ್ತದೆ. ಹುಬ್ಬಳ್ಳಿ ನಿಮಗೆ ಅರವತ್ತು ಕಿಲೋಮೀಟರೂ ಇಲ್ಲ, ಅಲ್ಲಿಗೆ ಅಲೆ ಹೆಚ್ಚುಕಮ್ಮಿ ನೆತ್ತಿಗೆ ನೇರ ಏರಿ ಇಳಿಯಬೇಕು, ಆದರೆ ರಾತ್ರಿ ಅದು ಪದರವನ್ನು ತೂರಿ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ. ಓರೆಯಾಗಿ ಹೋದದ್ದು ಮಾತ್ರ ತಿರುಗಿ ಬಂದು ದೂರದಲ್ಲಿ ಇಳಿಯುತ್ತದೆ. ನಡುವೆ ಉಳಿದ ಸದ್ದಿಲ್ಲದ ಜಾಗದಲ್ಲಿ ನಿಮ್ಮ ಗೆಳೆಯ ಸಿಕ್ಕಿಬಿದ್ದಿದ್ದಾನೆ.

ಹಗಲು ಯುರೋಪ್ ಯಾಕಿಲ್ಲ? 60ರಿಂದ 90 ಕಿಲೋಮೀಟರ್ ಎತ್ತರದ ಡಿ ಪದರ ಕಡಿಮೆ ಫ್ರೀಕ್ವೆನ್ಸಿಯನ್ನು ನುಂಗುತ್ತದೆ. ಓರೆ ಹೋದಷ್ಟೂ ಅದರೊಳಗಿನ ದಾರಿ ಉದ್ದ, ನುಂಗುವುದೂ ಜಾಸ್ತಿ. ಸೂರ್ಯ ಮುಳುಗಿದ ಮೇಲೆ ಅದು ಕರಗುತ್ತದೆ. ಮನೆಯ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಹಗಲೆಲ್ಲಾ ನೆಲ ಹಿಡಿದು ಬರುತ್ತದೆ. ಕತ್ತಲಾದ ಮೇಲೆ ಮೀಡಿಯಂ ವೇವ್‌ನಲ್ಲಿ ದೂರದ ಊರುಗಳ ಸ್ಟೇಷನ್ನುಗಳೂ ನುಗ್ಗುವುದಕ್ಕೆ ಕಾರಣ ಡಿ ಪದರ ಕರಗುವುದೇ.

ಗೆಳೆಯನ ಜೊತೆ ರಾತ್ರಿ ಹರಟೆ ಹೊಡೆಯಬೇಕಾದರೆ ಇಬ್ಬರೂ 80 ಮೀಟರ್ ಬ್ಯಾಂಡಿಗೆ ಇಳಿಯಿರಿ. ಅಲ್ಲಿ ಫ್ರೀಕ್ವೆನ್ಸಿ ಕಡಿಮೆ, ನೆತ್ತಿಗೆ ಏರಿದ ಅಲೆಯೂ ಪದರವನ್ನು ತೂರದೆ ತಿರುಗಿ ಬರುತ್ತದೆ. ಸೂರ್ಯನ ಕಲೆಗಳು ಜಾಸ್ತಿ ಇರುವ ವರ್ಷಗಳಲ್ಲಿ ಎಫ್ ಪದರ ದಟ್ಟವಾಗಿರುತ್ತದೆ, ಆಗ 40 ಮೀಟರೇ ಸ್ವಲ್ಪ ತಡವಾಗಿ ಕೈಕೊಡಬಹುದು.

ಪ್ರಶ್ನೆ: 80 ಮೀಟರ್ ಬ್ಯಾಂಡಿಗೆ 40 ಮೀಟರ್ ಉದ್ದದ ಆಂಟೆನಾ ತಂತಿ ಬೇಕಂತೆ. ನಮ್ಮ ಮಾಳಿಗೆ ಅದರ ಅರ್ಧವೂ ಇಲ್ಲ. (ಓದುಗಿ, ಹಾವೇರಿ)

ಉತ್ತರ: ನಡುವನ್ನು ಎತ್ತರದ ಕಂಬಕ್ಕೆ ಕಟ್ಟಿ, ಎರಡೂ ಕಡೆ ಇಳಿಬಿಟ್ಟು ತುದಿಗಳನ್ನು ಮಡಚಿ. ಕರೆಂಟು ಜಾಸ್ತಿ ಹರಿಯುವುದು ನಡುವಿನಲ್ಲಿ, ಹಾಗಾಗಿ ತುದಿ ಬಾಗಿದರೆ ದೊಡ್ಡ ನಷ್ಟವಿಲ್ಲ. ಆದರೆ ವೋಲ್ಟೇಜ್ ತುದಿಯಲ್ಲೇ ಜಾಸ್ತಿ, ಮಕ್ಕಳ ಕೈಗೆ ಸಿಗದಂತೆ ಕಟ್ಟಿ. ಹೀಗೆ ತಗ್ಗಿನಲ್ಲಿ ಕಟ್ಟಿದ ತಂತಿ ಮೇಲಕ್ಕೇ ಜಾಸ್ತಿ ಬೀರುತ್ತದೆ, ಗದಗಿನವರ ಜೊತೆ ರಾತ್ರಿ ಮಾತಿಗೆ ಅದೇ ಬೇಕು. ಯುರೋಪ್ ಬೇಕಿದ್ದರೆ ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಎದ್ದು ಕೂರಿ, ಗುಡುಗಿನ ಕರಕರವೂ ಆಗ ಕಡಿಮೆ. ಏಪ್ರಿಲ್‌ನಲ್ಲಿ ಮೋಡ ಕಟ್ಟಿದರೆ ಸಿಡಿಲಿನ ಭಯ, ಮೊದಲು ಸೆಟ್ಟಿನಿಂದ ಆಂಟೆನಾ ಕೇಬಲ್ ಕಿತ್ತು ಹೊರಗೆ ಹಾಕಿ.