ಎಲೆ, ಅಡಿಕೆ, ಸುಣ್ಣ: ಕೆಂಪು ಎಲ್ಲಿಂದ ಬಂತು?

ಪ್ರಶ್ನೆ: ಸಾರ್, ನಮ್ಮಣ್ಣ ಫಿಸಿಕ್ಸ್ ಎಂ.ಎಸ್‌ಸಿ. ಓದುತ್ತಿದ್ದಾನೆ. ‘ಎಲ್ಲಾ ಕೊನೆಗೆ ಪರಮಾಣುನೇ ಕಣೋ, ನಿನ್ನ ಬಯಾಲಜಿ ಫಿಸಿಕ್ಸ್‌ನ ಬಾಲ’ ಅಂತ ದಿನಾ ರೇಗಿಸುತ್ತಾನೆ. ತಾತ ಮಾತ್ರ ‘ನಮ್ಮ ದರ್ಶನಗಳು ಇದನ್ನು ಯಾವತ್ತೂ ಒಪ್ಪಿಲ್ಲ’ ಅನ್ನುತ್ತಾರೆ. ಯಾರು ಸರಿ?
– ಬಿ.ಎಸ್‌ಸಿ. ವಿದ್ಯಾರ್ಥಿ, ಬಸವನಗುಡಿ

ಉತ್ತರ: ತಾತ ಎಲೆಅಡಿಕೆ ಹಾಕಿಕೊಳ್ಳುತ್ತಾರಾ? ಹಾಗಿದ್ದರೆ ಗಾಂಧಿ ಬಜಾರಿನಿಂದ ಒಂದು ಕಟ್ಟು ಎಲೆ ತಂದುಕೊಟ್ಟು ಪಕ್ಕದಲ್ಲೇ ಕೂತು ನೋಡಿ. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಅಗಿದರೆ ಬಾಯೆಲ್ಲಾ ಕೆಂಪು! ಇದು ನನ್ನ ಉದಾಹರಣೆ ಅಲ್ಲ, ನಮ್ಮ ಹಳೇ ಭೌತವಾದಿಗಳಾದ ಚಾರ್ವಾಕರ ಹೆಸರಿನಲ್ಲಿ ಬಂದಿರುವ ಹಳೇ ಉದಾಹರಣೆ. ಮಣ್ಣು, ನೀರು, ಬೆಂಕಿ, ಗಾಳಿ ಸೇರಿ ದೇಹವಾದಾಗ ಅರಿವು ಹುಟ್ಟುವುದೂ ಹೀಗೇ, ಅದಕ್ಕೆ ಬೇರೆ ಆತ್ಮ ಬೇಕಿಲ್ಲ ಅಂತ ಅವರ ವಾದ. ಹಾಗಾಗಿ ತಾತನ ‘ಯಾವತ್ತೂ ಒಪ್ಪಿಲ್ಲ’ ನಿಲ್ಲುವುದಿಲ್ಲ. ಇನ್ನೊಂದು ದರ್ಶನದವರಾದ ವೈಶೇಷಿಕರಂತೂ ಪರಮಾಣುವಾದಿಗಳೇ. ಆದರೆ ತಮಾಷೆ ನೋಡಿ, ಅದೇ ವೈಶೇಷಿಕರು ನೂಲೇ ಬೇರೆ ಬಟ್ಟೆಯೇ ಬೇರೆ, ಬಟ್ಟೆ ಹೊಸದಾಗಿ ಹುಟ್ಟಿದ್ದು ಅನ್ನುತ್ತಿದ್ದರು. ಮತ್ತೊಂದು ದರ್ಶನದವರಾದ ಸಾಂಖ್ಯರು ‘ಎಣ್ಣೆ ಎಳ್ಳಿನಲ್ಲೇ ಇತ್ತು, ಮರಳು ಹಿಂಡಿದರೆ ಬರುತ್ತಾ?’ ಅಂತ ಜಗಳಕ್ಕೆ ನಿಲ್ಲುತ್ತಿದ್ದರು.

ಗ್ರೀಸಿನಲ್ಲೂ ಇದೇ ಜಗಳ. ಅಲ್ಲಿನ ತತ್ತ್ವಜ್ಞಾನಿ ಡೆಮಾಕ್ರಿಟಸ್‌ಗೆ ನಿಜವಾಗಿ ಇರುವುದು ಪರಮಾಣು ಮತ್ತು ಖಾಲಿ ಜಾಗ, ಎರಡೇ. ಅರಿಸ್ಟಾಟಲ್ ಒಪ್ಪಲಿಲ್ಲ. ಅಕ್ಷರಗಳನ್ನು ಗುಡ್ಡೆ ಹಾಕಿದರೆ ಪದ ಆಗಲ್ಲ ಅನ್ನೋ ಥರದ ಮಾತು ಅವನದು. ನಮ್ಮಲ್ಲೇ ನೋಡಿ: ‘ಸರ’ ಕೊರಳಿಗೆ ಹಾಕುವುದು, ‘ರಸ’ ಲೋಟಕ್ಕೆ ಬಗ್ಗಿಸುವುದು. ಇರುವ ಅಕ್ಷರ ಅವೇ ಎರಡು.

ಈಗ ಅಣ್ಣನ ವಿಷಯ. ಅವನದು ಅರ್ಧ ಸರಿ, ಆ ಅರ್ಧ ಸಣ್ಣದೇನಲ್ಲ. ಸುಣ್ಣದ ಕ್ಷಾರ ತಾಗಿದಾಗ ಅಡಿಕೆಯಲ್ಲಿರುವ ಪಾಲಿಫೀನಾಲ್ ಎಂಬ ರಾಸಾಯನಿಕಗಳು ಆಕ್ಸಿಜನ್ ಜೊತೆ ಸೇರಿ ಕೆಂಪಗಾಗುತ್ತವೆ. ಬಿಡಿಸಿ ನೋಡಿದ್ದಕ್ಕೇ ಇದು ತಿಳಿದದ್ದು. ಇಡೀ ವಸ್ತುವನ್ನು ಅದರ ಬಿಡಿಭಾಗಗಳಿಂದಲೇ ವಿವರಿಸುವ ಈ ದಾರಿಗೆ ರಿಡಕ್ಷನಿಸಂ ಅಂತ ಹೆಸರು, ನಿಮ್ಮಣ್ಣ ಹೇಳುವುದು ಇದನ್ನೇ. ‘ಹೊಸ ಗುಣ ಹುಟ್ಟಿತು’ ಅಂದು ಅಲ್ಲಿಗೇ ಕೈಬಿಟ್ಟವರು ಏಟು ತಿಂದಿದ್ದೂ ಉಂಟು. ಇಂಗ್ಲೆಂಡಿನ ತತ್ತ್ವಜ್ಞಾನಿ ಸಿ.ಡಿ. ಬ್ರಾಡ್ 1925ರಲ್ಲಿ, ಸಂಯುಕ್ತದ ಗುಣವನ್ನು ಬಿಡಿ ಧಾತುಗಳ ಗುಣದಿಂದ ಮೊದಲೇ ಲೆಕ್ಕ ಹಾಕಿ ಹೇಳಲಾಗದು ಎಂಬ ವಾದ ಮುಂದಿಟ್ಟರು. ಎರಡೇ ವರ್ಷ. 1927ರಲ್ಲಿ ಹೈಟ್ಲರ್, ಲಂಡನ್ ಎಂಬಿಬ್ಬರು ಎರಡು ಹೈಡ್ರೋಜನ್ ಪರಮಾಣು ಯಾಕೆ ಅಂಟಿಕೊಳ್ಳುತ್ತವೆ ಅಂತ ಕ್ವಾಂಟಂ ಲೆಕ್ಕದಿಂದಲೇ ತೋರಿಸಿದರು.

ಆದರೆ ಬಿಚ್ಚುವುದು ಬೇರೆ, ಮತ್ತೆ ಜೋಡಿಸುವುದು ಬೇರೆ ಅಲ್ವಾ? 1972ರಲ್ಲಿ ಇದನ್ನು ಹೇಳಿದ್ದು ಫಿಲಿಪ್ ಆಂಡರ್ಸನ್, ಮುಂದೆ ನೊಬೆಲ್ ಪಡೆದ ಭೌತವಿಜ್ಞಾನಿ. ನಿಮ್ಮಣ್ಣನ ಜಾತಿಯವರೇ! ಮೂಲ ನಿಯಮ ಗೊತ್ತಿದ್ದ ಮಾತ್ರಕ್ಕೆ ಅಲ್ಲಿಂದ ಶುರುಮಾಡಿ ಜಗತ್ತನ್ನು ಕಟ್ಟಲು ಆಗುವುದಿಲ್ಲ, ಗುಂಪು ದೊಡ್ಡದಾದಂತೆ ಹೊಸ ನಿಯಮಗಳೇ ಬೇಕಾಗುತ್ತವೆ ಅಂದರು. ಎಮರ್ಜೆನ್ಸ್ ಅನ್ನುವುದು ಇದಕ್ಕೇ.

ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಬೈಕ್ ಆಫ್ ಮಾಡಿ ನಿಂತು ‘ಮುಂದೆ ಏನೋ ಆಗಿರಬೇಕು’ ಅಂದುಕೊಂಡು, ಆಮೇಲೆ ಮುಂದೆ ಏನೂ ಆಗಿರದೆ ದಾರಿ ತನ್ನಷ್ಟಕ್ಕೆ ಬಿಟ್ಟದ್ದು ನಿಮಗೂ ಗೊತ್ತಿರುತ್ತೆ. ಜಪಾನಿನವರು ಇದನ್ನೇ ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತ, 22 ಕಾರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ದನ ಇಲ್ಲ. ಎಲ್ಲರೂ ಒಂದೇ ವೇಗದಲ್ಲಿ ಹೋಗಿ ಅಂದಿದ್ದರೂ ಸ್ವಲ್ಪ ಹೊತ್ತಿಗೆ ಜಾಮ್! ಕಾರುಗಳು ಹೋಗುವುದು ಮುಂದಕ್ಕೆ, ಜಾಮ್ ಮಾತ್ರ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ. ಅದರಲ್ಲಿ ಕಾರು, ಡ್ರೈವರ್ ಬಿಟ್ಟು ಬೇರೇನೂ ಇಲ್ಲ, ಅಷ್ಟರಮಟ್ಟಿಗೆ ಅಣ್ಣ ಸರಿ. ಆದರೆ ಒಂದು ಕಾರನ್ನು ಗ್ಯಾರೇಜಿಗೆ ಒಯ್ದು ನಟ್ಟು ಬೋಲ್ಟೆಲ್ಲ ಬಿಚ್ಚಿ ಹರವಿದರೂ ಹಿಂದಕ್ಕೆ ಹೋಗುವ ಆ ಜಾಮ್ ಸಿಗುವುದಿಲ್ಲ.

ಮನಸ್ಸಿನ ಮಾತು ಜಾಸ್ತಿ ಕಷ್ಟದ್ದು. ಬಾಯಿ ಕೆಂಪಾಗುವುದಕ್ಕೆ ಲೆಕ್ಕ ಸಿಕ್ಕಿದೆ, ಅರಿವಿಗೆ ಅಂಥ ಲೆಕ್ಕ ಇನ್ನೂ ಯಾರ ಹತ್ತಿರವೂ ಇಲ್ಲ. ಅಲ್ಲಿ ತಾತನ ಜೊತೆ ವಾದಕ್ಕೆ ಇಳಿಯಬೇಡಿ.

ಅಣ್ಣ ನಾಳೆ ಮತ್ತೆ ರೇಗಿಸಿದರೆ, ಕಪ್ಪೆಯ ಹೃದಯಕ್ಕೆ ಮೂರೇ ಕೋಣೆ ಯಾಕೆ ಅಂತ ಪರಮಾಣುವಿನೊಳಗಿನ ಪುಟಾಣಿ ಕಣ ಕ್ವಾರ್ಕ್‌ನಿಂದ ಶುರುಮಾಡಿ ಹೇಳು ಅನ್ನಿ. ಉತ್ತರ ಬಂದರೆ ನಮಗೂ ಕಳಿಸಿ.